ಎರಡು ಬಾಗಿಲಿನ ಕಾರು ಮತ್ತು ನನ್ನ ಚಾಲನಾ ಪಾಂಡಿತ್ಯ

ನಾನೊಬ್ಬ ಚಾಲಕ ಎಂಬುದನ್ನು ನನ್ನ ಮನೆಯವರು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ. ಗುಮಾಸ್ತ ಎಂದು ಒಪ್ಪುತ್ತಾರೆ. ಮುಂಬಯಿ ಕಡೆಯ ಬೇಲಾಪುರದ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸುತ್ತ ಬಂದಿದ್ದೇನೆ. ಗಂಡ ಎಂದೂ ಒಪ್ಪುತ್ತಾರೆ. ಅದಕ್ಕೆ ಫೋಟೋ ಆಲ್ಬಮ್ಮಿನ ಸಾಕ್ಷಿಯಿದೆ. ಆದರೆ ಮುರಾರಿ ಎಂಬ ಈ ಮನುಷ್ಯನ ಒಳಗೆ ಒಬ್ಬ ಮಹಾಚಾಲಕ ಕುಳಿತಿದ್ದಾನೆ, ತಕ್ಕ ವಾಹನ ಸಿಗದೆ ಐವತ್ತನಾಲ್ಕು ವರ್ಷಗಳಿಂದ ಹಾಗೆಯೇ ಕುಳಿತಿದ್ದಾನೆ ಎಂದರೆ ಹೆಂಡತಿ ವೇದಾವತಿ, "ಕೂತವರು ಕೂತೇ ಇರ್ಲಿ, ಈ ಪ್ರಾಯದಲ್ಲಿ ಎದ್ರೆ ಸೊಂಟ ಹಿಡೀತದೆ" ಎನ್ನುತ್ತಾಳೆ.

ನನ್ನ ವಿದ್ಯೆ ಸಣ್ಣದಲ್ಲ. ಉಡುಪಿಯಲ್ಲಿ ಕಾಲೇಜಿಗೆ ಹೋಗುವ ಕಾಲದಿಂದಲೇ ಕಾರಿನ ಪತ್ರಿಕೆಗಳನ್ನು ಓದುತ್ತ ಬಂದವನು ನಾನು. ಈಗ ಮೊಬೈಲಿನಲ್ಲಿ ವಿಡಿಯೋ ನೋಡುತ್ತೇನೆ. ತಿರುವಿಗೆ ಎಷ್ಟು ಮೊದಲು ಬ್ರೇಕ್ ಒತ್ತಬೇಕು, ಗೇರು ಇಳಿಸುವಾಗ ಅದೇ ಕಾಲಿನ ಹಿಮ್ಮಡಿಯಿಂದ ಆಕ್ಸಿಲರೇಟರನ್ನು ಹೇಗೆ ತಟ್ಟಬೇಕು, ಹಿಂದಿನ ಚಕ್ರ ಜಾರಿದರೆ ಸ್ಟೀರಿಂಗ್ ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನೆಲ್ಲ ಕೇಳಿದವರಿಗೆ ವಿವರಿಸಬಲ್ಲೆ (ಇದುವರೆಗೆ ವಿವರಿಸಿದ್ದೆಲ್ಲ ಕೇಳದವರಿಗೆ). ಕಾಮೋಠೆಯ ನಮ್ಮ ಮನೆಯಿಂದ ಮಾನಸರೋವರ ಸ್ಟೇಷನ್ನಿಗೆ ನಡೆದು, ಅಲ್ಲಿಂದ ಲೋಕಲ್ ರೈಲಿನಲ್ಲಿ ಎರಡನೇ ಸ್ಟೇಷನ್ನಿನಲ್ಲಿ ಇಳಿದರೆ ಬೇಲಾಪುರ. ಅಷ್ಟು ಸಣ್ಣ ದೂರದಲ್ಲೂ ರೈಲಿನ ಮೋಟರ್‌ಮ್ಯಾನ್ ಖಾರ್ಘರಿನ ತಿರುವಿನಲ್ಲಿ ಬ್ರೇಕ್ ತಡವಾಗಿ ಹಾಕಿದನೆಂದು ಪಕ್ಕದಲ್ಲಿ ನಿಂತವರಿಗೆ ತಿಳಿಸುತ್ತೇನೆ. ಅವರು ಬಾಗಿಲ ಕಡೆಗೆ ಸರಿಯುತ್ತಾರೆ.

ಹಾಗೆಂದು ನಮ್ಮಲ್ಲಿ ಕಾರೇ ಇಲ್ಲವೆಂದಲ್ಲ. ಹತ್ತು ವರ್ಷದ ಹಿಂದೆ ಒಂದು ಸಣ್ಣ ಬಿಳಿ ಕಾರು ತೆಗೆದುಕೊಂಡಿದ್ದೆವು. ಮೊದಲ ಮೂರು ತಿಂಗಳು ನಾನೇ ಓಡಿಸಿದೆ. ಆಮೇಲೆ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನ ಒಂದು ಕಂಬಕ್ಕೂ ನನಗೂ ಸ್ವಲ್ಪ ಭಿನ್ನಾಭಿಪ್ರಾಯ ಬಂತು. ಒಂದೇ ಕಂಬಕ್ಕೆ ಮೂರನೇ ಸಲ ತಾಗಿದ ದಿನ, ಇಂಥ ಮಂದ ವಾಹನ ನನ್ನಂಥವನ ಕೈಗೆ ಒಗ್ಗುವುದಿಲ್ಲ ಎಂದು ಬೀಗದ ಕೈಯನ್ನು ವೇದಾಳಿಗೆ ಕೊಟ್ಟುಬಿಟ್ಟೆ. ಅವಳು ಮನೆಯಲ್ಲೇ ಚಕ್ಕುಲಿ, ಹಪ್ಪಳ, ಸಾರಿನ ಪುಡಿ ಮಾಡಿ ಮಾರುತ್ತಾಳೆ. ವಾರಕ್ಕೆ ನಾಲ್ಕು ದಿನ ಆ ಬಿಳಿ ಕಾರಿನಲ್ಲಿ ಡಬ್ಬಗಳನ್ನು ತುಂಬಿಕೊಂಡು ಕಾಮೋಠೆ, ಖಾರ್ಘರ್, ನೆರೂಲಿನ ಕನ್ನಡದವರ ಮನೆಗಳಿಗೆ ಸುತ್ತುತ್ತಾಳೆ. ನನ್ನ ದೃಷ್ಟಿಯಲ್ಲಿ ಅದು ಡ್ರೈವಿಂಗ್ ಅಲ್ಲ, ಸರಕು ಸಾಗಣೆ.

ಇಂಥ ಪರಿಸ್ಥಿತಿಯಲ್ಲಿ, ಕಳೆದ ವರ್ಷ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವುಗಳ ನಡುವೆ ಒಂದು ಫೋಟೋ ಬಂತು. ಕಡು ನೀಲಿ ಬಣ್ಣ, ನೆಲಕ್ಕೆ ಮೈ ಚಾಚಿ ಮಲಗಿದಂಥ ಆಕಾರ, ಎರಡೇ ಬಾಗಿಲು. ಕೆಳಗೆ ಎರಡು ಸಾಲು: "ಹಳೆಯ ಸ್ಪೋರ್ಟ್ಸ್ ಕೂಪೆ ಮಾರುವುದಿದೆ. ಓಡಿಸಲು ಬರುವವರು ಮಾತ್ರ ಫೋನ್ ಮಾಡಿ. ವಾಸು, ಡೊಂಬಿವಲಿ."

ಓಡಿಸಲು ಬರುವವರು ಮಾತ್ರ. ಮುಂಬಯಿ ಮಹಾನಗರದಲ್ಲಿ ಯಾರೋ ಒಬ್ಬರು ಕೊನೆಗೂ ನನ್ನನ್ನೇ ಹುಡುಕುತ್ತಿದ್ದಾರೆ ಎಂದು ಅನ್ನಿಸಿತು. ಆಗಲೇ ಫೋನ್ ಮಾಡಿ ಭಾನುವಾರ ಬೆಳಿಗ್ಗೆ ಬರುತ್ತೇನೆಂದು ಹೇಳಿದೆ. ಆಮೇಲೆ ಅಡುಗೆಮನೆಗೆ ಹೋಗಿ, ಒಂದು ಕೂಪೆ ತೆಗೆದುಕೊಳ್ಳುವ ಎಂದಿದ್ದೇನೆ ಎಂದು ವೇದಾಳಿಗೆ ತಿಳಿಸಿದೆ.

ಅವಳು ಹಪ್ಪಳದ ಹಿಟ್ಟಿನಿಂದ ಕೈ ತೆಗೆಯದೆ ಹೇಳಿದಳು: "ಕೂಪಕ್ಕೆ ಬೀಳುದು ಕೇಳಿದ್ದೆ. ದುಡ್ಡು ಕೊಟ್ಟು ತಕ್ಕೊಳ್ಳುದು ಇವತ್ತೇ ಕೇಳಿದ್ದು."

ಕೂಪ ಅಲ್ಲ, ಕೂಪೆ ಎಂದು ತಿದ್ದಿದೆ. ಹಾಗಾದರೆ ರೈಲಿನಲ್ಲಿ ಇಬ್ಬರೇ ಮಲಗುವುದಕ್ಕೆ ಇರುತ್ತದಲ್ಲ ಅದುವಾ, ಊರಿಗೆ ಹೋಗಲಿಕ್ಕಾ ಎಂದು ಕೇಳಿದಳು. ಫೋಟೋ ತೋರಿಸಿದೆ. ಮಗಳು ಸಂಜನಾ ಇಣುಕಿ ನೋಡಿ, ಉಳಿದ ಎರಡು ಬಾಗಿಲು ಎಲ್ಲಿ ಹೋದವು ಎಂದು ಹಿಂದಿಯಲ್ಲಿ ಕೇಳಿದಳು. (ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತದೆ.) ನಾನು ಕೂಪೆಯ ಗುರುತ್ವಕೇಂದ್ರ, ಅದರ ಹಿಂಚಕ್ರಗಳ ಬಲ, ತಿರುವುಗಳಲ್ಲಿ ಅದು ರಸ್ತೆಯನ್ನು ಕಚ್ಚಿಹಿಡಿಯುವ ಬಗೆ ಇವನ್ನೆಲ್ಲ ಅರ್ಧ ಗಂಟೆ ಬಣ್ಣಿಸಿದೆ. ಹಣವೇನೋ ಬ್ಯಾಂಕಿನಲ್ಲಿತ್ತು, ಆದರೆ ಅದು ಇಬ್ಬರ ಹೆಸರಿನಲ್ಲಿತ್ತು. ಹಾಗಾಗಿ ಅರ್ಧ ಗಂಟೆ ಬೇಕಾಯಿತು.

ಅವಳು ಬೇಡವೆನ್ನುತ್ತಾಳೆಂದೇ ನಾನು ತಿಳಿದಿದ್ದೆ, ಅದಕ್ಕೆ ತಕ್ಕ ಉತ್ತರಗಳನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು ಕೈ ತೊಳೆದುಕೊಂಡು ಬಂದು ಫೋಟೋವನ್ನು ಇನ್ನೊಮ್ಮೆ ನೋಡಿ, "ನೋಡಿ ಬರುವ. ನೋಡ್ಲಿಕ್ಕೆ ಎಂತ" ಎಂದಳು. ನನ್ನ ಅಷ್ಟೂ ಉತ್ತರಗಳು ದಂಡವಾದವು.

ಭಾನುವಾರ ಬಿಳಿ ಕಾರಿನಲ್ಲಿ ಹೊರಟೆವು. ವೇದಾ ಓಡಿಸಿದಳು. ನನ್ನ ಮಣಿಕಟ್ಟು ಹಗುರವಾಗಿರಲಿ, ಅಲ್ಲಿ ಹೋದ ಮೇಲೆ ಬೇಕಾಗುತ್ತದೆ ಎಂದು ನಾನು ಪಕ್ಕದಲ್ಲಿ ಕುಳಿತು ಮಾರ್ಗದರ್ಶನ ಮಾಡುತ್ತಿದ್ದೆ. ಕಳಂಬೋಲಿ ದಾಟಿ, ತಳೋಜದ ಟ್ರಕ್ಕುಗಳ ನಡುವೆ ನುಸುಳಿ, ಶಿಳಫಾಟಾದಲ್ಲಿ ತಿರುಗಿ ಕಲ್ಯಾಣದ ರಸ್ತೆ ಹಿಡಿಯುವವರೆಗೆ ಅವಳು ನನ್ನ ಒಂದು ಸಲಹೆಯನ್ನೂ ಪಾಲಿಸಲಿಲ್ಲ. ತಿರುವನ್ನು ಹೊರಗಿನಿಂದ ಹಿಡಿದು ಒಳಕ್ಕೆ ಕತ್ತರಿಸು ಎಂದರೆ, ಅಲ್ಲಿ ಒಂದು ಎಮ್ಮೆ ಉಂಟು ಎನ್ನುತ್ತಿದ್ದಳು.

ವಾಸಣ್ಣನ ಮನೆ ಡೊಂಬಿವಲಿ ಪೂರ್ವದ ಒಂದು ಹಳೆಯ ಕಟ್ಟಡದಲ್ಲಿತ್ತು. ಅಲ್ಲಿಗೆ ಹೋಗುವ ಓಣಿ ಎಷ್ಟು ಕಿರಿದೆಂದರೆ, ಎರಡೂ ಬದಿಗೆ ನಿಲ್ಲಿಸಿದ ಸ್ಕೂಟರುಗಳ ನಡುವೆ ನಮ್ಮ ಕಾರು ಉಸಿರು ಬಿಗಿಹಿಡಿದು ಹೋಗಬೇಕಾಯಿತು. ಅವರಿಗೆ ಎಪ್ಪತ್ತು ದಾಟಿದೆ. ಕಾರ್ಕಳದ ಕಡೆಯವರು. ಹದಿನೈದನೇ ವಯಸ್ಸಿಗೆ ಠಾಣೆ ನಗರಕ್ಕೆ ಬಂದು ಗ್ಯಾರೇಜಿಗೆ ಸೇರಿ, ಆಮೇಲೆ ಅಲ್ಲಿನ ನೌಪಾಡಾದಲ್ಲಿ ಮೂವತ್ತೈದು ವರ್ಷ ಸ್ವಂತ ಗ್ಯಾರೇಜು ನಡೆಸಿದವರು. ಈ ಕೂಪೆ ಯಾರೋ ಗುದ್ದಿಸಿ ಬಿಟ್ಟುಹೋದ ಗಾಡಿಯಂತೆ. ಒಂದೊಂದೇ ತಿರುಪು ಬಿಚ್ಚಿ ಎರಡು ವರ್ಷ ಕುಳಿತು ತಾವೇ ಎಬ್ಬಿಸಿ ನಿಲ್ಲಿಸಿದ್ದರಂತೆ. ಈಗ ಕಣ್ಣಿನ ನರ ಸೊರಗಿ ಬದಿಯ ನೋಟ ಹೋಗಿದೆ, ಎದುರಿನದೂ ಮಸುಕು. ಇನ್ನು ಓಡಿಸಬಾರದೆಂದು ಡಾಕ್ಟರು ಹೇಳಿದ್ದಾರೆ. ಇದನ್ನೆಲ್ಲ ಅವರು ಬೇರೆ ಯಾರದೋ ಕತೆ ಹೇಳುವವರಂತೆ ಸಮಾಧಾನವಾಗಿ ಹೇಳಿದರು. ಇದುವರೆಗೆ ಏಳು ಜನ ಬಂದು ಹೋಗಿದ್ದಾರೆ, ಯಾರಿಗೂ ಕೊಟ್ಟಿಲ್ಲ ಎಂದು ಅವರ ಹೆಂಡತಿ ಲೋಲಾಕ್ಷಮ್ಮ ಚಹಾದ ತಟ್ಟೆ ಹಿಡಿದುಕೊಂಡು ಬಂದು ಸೇರಿಸಿದರು. ನಾನು ಎಂಟನೆಯವನು. ಎಂಟನೆಯವನೆಂದ ಮೇಲೆ ದೇವಕಿಯ ಮಗನ ನೆನಪಾಗದೆ ಇರುತ್ತದೆಯೆ? ಹೆಸರೂ ಸರಿಹೊಂದುತ್ತಿತ್ತು.

ಹೆಂಗಸರು ಚಹಾ ಕುಡಿಯುತ್ತ ಕುಳಿತರು. ವಾಸಣ್ಣ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ, ತಗಡಿನ ಮಾಡಿನ ಕೆಳಗೆ ಹೊದಿಕೆ ಸರಿಸಿದರು. ಆ ನೀಲಿಯನ್ನು ಕಂಡು ನಾನು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದೆ. ಅವರು ಬೀಗದ ಕೈ ಕೊಟ್ಟು ಪಕ್ಕದ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡರು. ಕಣ್ಣಿಗೆ ಬೆಳಕು ಚುಚ್ಚುತ್ತದೆಯೇನೋ ಎಂದುಕೊಂಡೆ. ಸೀಟು ಎಷ್ಟು ಕೆಳಗಿತ್ತೆಂದರೆ, ನಾನು ಕೂತೆ ಎನ್ನುವುದಕ್ಕಿಂತ ಬಿದ್ದೆ ಎನ್ನುವುದು ಸರಿ.

ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ನಾನು ಅವರಿಗೆ ಆ ಕಾರಿನ ಬಗ್ಗೆ ತಿಳಿದದ್ದನ್ನೆಲ್ಲ ಹೇಳಿದೆ. ಅದರ ಎಂಜಿನ್ ಯಾವ ವರ್ಷ ಬದಲಾಯಿತು, ಯಾವ ದೇಶದಲ್ಲಿ ಯಾವ ಗೇರುಪೆಟ್ಟಿಗೆ ಹಾಕಿದರು, ಎಲ್ಲವನ್ನೂ. ಅವರು ಹೂಂ ಎನ್ನುತ್ತಿದ್ದರು. ಮಾತಿನ ನಡುವೆ ಕಾರು ಎರಡು ಸಲ ಕಪ್ಪೆಯಂತೆ ಕುಪ್ಪಳಿಸಿತು. ಒಂದು ರಸ್ತೆಯುಬ್ಬಿನ ಮೇಲೆ ಹೊಟ್ಟೆ ಉಜ್ಜಿತು. ಆಗ ವಾಸಣ್ಣ ತಮ್ಮ ಸ್ವಂತ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಮೂರನೇ ಗೇರು ಎಂದು ನಾನು ಹಾಕಿದ್ದು ಮೊದಲನೆಯದಾಗಿತ್ತು. ಕಾರು ಅದನ್ನು ಇಡೀ ಬೀದಿಗೆ ಕೇಳುವಂತೆ ಹೇಳಿತು.

ಅಷ್ಟಾದರೂ ನನ್ನ ವಿಶ್ವಾಸ ಕುಂದಿರಲಿಲ್ಲ. ಅದನ್ನು ಕುಂದಿಸಿದ್ದು ರೈಲ್ವೆ ಹಳಿಯ ಮೇಲಿನ ಸೇತುವೆಯ ಏರು. ಮುಂದೆ ವಾಹನಗಳು ನಿಂತವು, ನಾನೂ ನಿಲ್ಲಿಸಿದೆ. ಮುಂದಿನವರು ಹೊರಟರು, ನನ್ನ ಎಂಜಿನ್ ಆಫಾಯಿತು. ಮತ್ತೆ ಶುರು ಮಾಡಿದೆ, ಮತ್ತೆ ಆಫಾಯಿತು. ಮೂರನೇ ಸಲಕ್ಕೆ ಕಾರು ಹಿಂದಕ್ಕೆ ಜಾರಿತು. ಹಿಂದಿದ್ದ ರಿಕ್ಷಾದವನು ಹಾರ್ನ್ ಹೊಡೆಯಲಿಲ್ಲ. ಹೊಡೆದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ಅವನು ಇಳಿದು ಬಂದು ಕಿಟಕಿಯ ಹತ್ತಿರ ಬಗ್ಗಿ, "ಕಾಕಾ, ಶಿಕತಾಯ್ ಕಾ?" ಎಂದು ಮರಾಠಿಯಲ್ಲಿ ಕೇಳಿದ. ಕಲಿಯುತ್ತಾ ಇದ್ದೀರಾ ಎಂದು. ಅವನ ದನಿಯಲ್ಲಿ ನಿಜವಾದ ಕರುಣೆಯಿತ್ತು.

ವಾಸಣ್ಣ ಕಣ್ಣು ತೆರೆಯದೆಯೇ ಎಡಗೈಯನ್ನು ಚಾಚಿ ಹ್ಯಾಂಡ್‌ಬ್ರೇಕ್ ಎಳೆದರು. ಬಲಗೈಯನ್ನು ಎಂದು ಹೇಳಬೇಕಿತ್ತು. ನನಗೆ ಆಗ ಎಡಬಲಗಳ ಮೇಲೆ ಹಿಡಿತವಿರಲಿಲ್ಲ. ಅವರು ಒಂದೊಂದೇ ಮಾತು ಹೇಳಿಕೊಟ್ಟಂತೆ ಕಾಲು ಎತ್ತಿ, ಕಾಲು ಒತ್ತಿ ನಾನು ಸೇತುವೆ ದಾಟಿದೆ. ಅಲ್ಲಿಂದ ನೇರ ಮನೆಗೆ ಬಂದೆವು.

ಮೇಲೆ ಹೋಗಿ ಕುಳಿತ ಮೇಲೆ ಅವರು ತೀರ್ಪು ಹೇಳಿದರು. ಬೈಯುವ ದನಿಯಲ್ಲ, ಮದುವೆಗೆ ಜಾತಕ ಹೊಂದಲಿಲ್ಲ ಎನ್ನುವವರ ದನಿ.

"ಬೇಸರ ಮಾಡ್ಬೇಡಿ ಮುರಾರಿಯವ್ರೆ. ಗಾಡಿ ವಿಷಯದಲ್ಲಿ ನಿಮಗೆ ಗೊತ್ತಿಲ್ಲದ್ದು ಎಂತದೂ ಇಲ್ಲ. ನನಗೇ ಗೊತ್ತಿಲ್ಲದ್ದು ನಾಲ್ಕು ಹೇಳಿದ್ರಿ. ಆದ್ರೆ ಗಾಡಿಗೆ ಅದೆಲ್ಲ ತಿಳಿಯುದಿಲ್ಲ. ಅದಕ್ಕೆ ತಿಳಿಯುದು ನಿಮ್ಮ ಕಾಲು ಮಾತ್ರ."

ನಾನು ಚಹಾದ ಲೋಟ ನೋಡುತ್ತ ಕುಳಿತೆ. ವೇದಾ ನಗುತ್ತಾಳೆ, ಇನ್ನು ಹತ್ತು ವರ್ಷಕ್ಕೆ ಸಾಕಾಗುವಷ್ಟು ಮಾತು ಇವತ್ತೇ ಅವಳಿಗೆ ಸಿಕ್ಕಿತು ಎಂದುಕೊಂಡೆ. ಅವಳು ನಗಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ, "ಇವರಿಗೆ ಇನ್ನೊಂದು ಸಲ ಓಡಿಸ್ಲಿಕ್ಕೆ ಕೊಡಿ. ಹೊಸ ಜಾಗ ಅಲ್ವಾ, ಗಾಬರಿ ಆಗಿರ್ತದೆ. ಚಿಕ್ಕಂದಿನಿಂದ ಆಸೆ ಇತ್ತು ಇವರಿಗೆ" ಎಂದಳು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಪರರ ಎದುರು ಅವಳು ನನ್ನ ಪರ ವಾದಿಸಿದ್ದು ಅದೇ ಮೊದಲು. ಅದು ನನಗೆ ಸೋತದ್ದಕ್ಕಿಂತ ಹೆಚ್ಚು ನಾಚಿಕೆ ತಂದಿತು. ವಾಸಣ್ಣ ಆಗುವುದಿಲ್ಲವೆಂದು ತಲೆಯಾಡಿಸಿದರು. ನಾವು ಎದ್ದೆವು.

ಕೆಳಗೆ ಬಂದು ನೋಡಿದರೆ ಓಣಿಯ ಮುಂದಿನ ಬಾಯಿಗೆ ಅಡ್ಡವಾಗಿ ಗ್ಯಾಸ್ ಸಿಲಿಂಡರಿನ ಟೆಂಪೋ ನಿಂತಿತ್ತು. ಅದರ ಚಾಲಕ ಯಾವ ಮಹಡಿಯಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಹೋಗಬೇಕಾದರೆ ಇಡೀ ಓಣಿಯನ್ನು ಹಿಂದಕ್ಕೆ ಸಾಗಿ ಆಚೆಯ ಬೀದಿ ಸೇರಬೇಕು. ಈಗಲಾದರೂ ನನ್ನ ಜ್ಞಾನ ಬೇಕಾದೀತೆಂದು ನಾನು ಓಣಿಯ ಆ ತುದಿಗೆ ಓಡಿ, ಎರಡೂ ಕೈ ಎತ್ತಿ, ಹೇಗೆ ಬರಬೇಕೆಂದು ಸೂಚನೆ ಕೊಡಲು ನಿಂತೆ. ಬಾಯಿ ತೆರೆಯುವುದರೊಳಗೆ ಅವಳು ಬಂದುಬಿಟ್ಟಿದ್ದಳು. ಸ್ಕೂಟರುಗಳ ನಡುವೆ, ಒಂದು ನೀರಿನ ಪೀಪಾಯಿಯನ್ನು ಬಳಸಿ, ಒಂದು ಮಲಗಿದ ನಾಯಿಯನ್ನು ಎಬ್ಬಿಸದೆ, ಒಂದೇ ಓಟಕ್ಕೆ ಹಿಮ್ಮುಖವಾಗಿ. ನಾನು ಪಕ್ಕಕ್ಕೆ ಹಾರಿ ಗೋಡೆಗೆ ಅಂಟಿಕೊಂಡೆ.

ಗೇಟಿನ ಹತ್ತಿರ ನಿಂತಿದ್ದ ವಾಸಣ್ಣ ನಿಂತಲ್ಲೇ ತಲೆ ವಾಲಿಸಿ ಕೇಳುತ್ತಿದ್ದರು. ಆಮೇಲೆ ಗೋಡೆ ಹಿಡಿದುಕೊಂಡು ನಡೆದು ಬಂದು ನನ್ನನ್ನು ಕೇಳಿದರು, "ಈಗ ಗಾಡಿ ತೆಗೆದದ್ದು ಯಾರು?"

ನನ್ನ ಹೆಂಡತಿ ಎಂದೆ. ಕಾರಿನ ಬಾಗಿಲಿನ ಕಡೆಗೆ ಬಗ್ಗಿ ಅವರು, "ಅಮ್ಮ, ಎಷ್ಟು ವರ್ಷ ಆಯ್ತು ಓಡಿಸ್ಲಿಕ್ಕೆ ಹಿಡಿದು?" ಎಂದು ಕೇಳಿದರು. ಹತ್ತು ವರ್ಷ, ಚಕ್ಕುಲಿ ಕೊಂಡುಹೋಗುವುದಕ್ಕೆ ಎಂದು ವೇದಾ ಹೇಳಿದಳು. "ಚಕ್ಕುಲಿ ಒಡೆಯುದಿಲ್ಲ ಅಲ್ವಾ" ಎಂದರು. ಇದುವರೆಗೆ ಒಂದೂ ಒಡೆದಿಲ್ಲ ಎಂದಳು. ಅವರು ಜೇಬಿನಿಂದ ಕೂಪೆಯ ಬೀಗದ ಕೈ ತೆಗೆದು ಅವಳ ಕೈಯಲ್ಲಿಟ್ಟರು.

ಅವರಿಬ್ಬರೂ ಕೂಪೆಯಲ್ಲಿ ಹೊರಟರು, ನಾನು ಗೇಟಿನ ಹತ್ತಿರ ಲೋಲಾಕ್ಷಮ್ಮನ ಜೊತೆ ನಿಂತೆ. ಆ ಹಿಂದಿನ ಸೀಟಿನಲ್ಲಿ ಕೂರಲು ನನಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ಅಲ್ಲಿ ಜಾಗವಿರಲಿಲ್ಲ. ಲೋಲಾಕ್ಷಮ್ಮ ಹೇಳಿದರು, ಇವರು ದಿನಾ ಬೆಳಿಗ್ಗೆ ಕೆಳಗಿಳಿದು ಹತ್ತು ನಿಮಿಷ ಎಂಜಿನ್ ಶುರು ಮಾಡಿ ಸುಮ್ಮನೆ ಒಳಗೆ ಕೂತಿರುತ್ತಾರೆ, ಕೇಳಿದರೆ ಬ್ಯಾಟರಿಗೋಸ್ಕರ ಎನ್ನುತ್ತಾರೆ ಎಂದು. ಗುರುತ್ವಕೇಂದ್ರದ ಬಗ್ಗೆ ಹೇಳುವ ಸಂದರ್ಭ ಅದಾಗಿರಲಿಲ್ಲ.

ಅವರು ಹಿಂತಿರುಗಿದ್ದು ಒಂದು ಗಂಟೆಯ ಮೇಲೆ. ಕಾರು ಬಂದದ್ದೇ ಗೊತ್ತಾಗಲಿಲ್ಲ, ಅಷ್ಟು ಸದ್ದಿಲ್ಲದೆ ಬಂದು ನಿಂತಿತು. ವಾಸಣ್ಣ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡೇ ಇದ್ದರು, ಆದರೆ ಈ ಸಲ ಊಟವಾಗಿ ಎಲೆಯಡಿಕೆ ಹಾಕಿಕೊಂಡವರ ಹಾಗೆ. ವೇದಾ ಇಳಿದಳು. ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ಆ ಮುಖವನ್ನು ನಾನು ಕೊನೆಯ ಸಲ ನೋಡಿದ್ದು ಸಂಜನಾ ಹುಟ್ಟಿದಾಗ. ಹೇಗಿತ್ತು ಎಂದು ಕೇಳಿದೆ.

"ಲಾಯ್ಕುಂಟು" ಎಂದಳು. ಕೂದಲು ಸರಿಮಾಡಿಕೊಳ್ಳುತ್ತ, "ಮೂರನೇ ಗೇರಿನಲ್ಲಿ ಅದು ಸಣ್ಣಕ್ಕೆ ಹಾಡ್ತದೆ. ನಿಮಗೆ ಕೇಳಿಸಿತಾ?" ಎಂದಳು.

ಕೇಳಿಸಿರಲಿಲ್ಲ. ನಾನು ಮಾತಾಡುತ್ತಿದ್ದೆ.

ವಾಸಣ್ಣನ ಷರತ್ತು ಎರಡು. ಕಾರು ಅವಳ ಹೆಸರಿಗೆ ಆಗಬೇಕು. ತಿಂಗಳಿಗೊಂದು ಸಲ ಬಂದು ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಬೇಕು. ವೇದಾ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, ಇದು ಇವರ ಆಸೆ, ಇವರು ಬೇಡ ಎಂದರೆ ಬೇಡ ಎಂದಳು. ಮೂವರೂ ನನ್ನನ್ನು ನೋಡಿದರು (ವಾಸಣ್ಣ ನನ್ನ ಪಕ್ಕದ ಕಂಬವನ್ನು ನೋಡಿದರು). ನಿಜ ಹೇಳುತ್ತೇನೆ, ನನ್ನೊಳಗಿನ ಮಹಾಚಾಲಕ ಬೇಡವೆನ್ನು ಎಂದು ಚೀರುತ್ತಿದ್ದ. ಬ್ಯಾಂಕಿನ ಕಾಗದಕ್ಕೆ ನನ್ನ ಸಹಿಯೂ ಬೇಕಲ್ಲ, ಅದೊಂದು ಅಸ್ತ್ರ ನನ್ನಲ್ಲಿತ್ತು. ಆದರೆ ಅವಳ ಮುಷ್ಟಿಯನ್ನು ನೋಡಿದೆ. ಹಿಟ್ಟು ನಾದಿ ನಾದಿ ಗಂಟುಕಟ್ಟಿದ ಆ ಬೆರಳುಗಳು ಕೀಲಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಅದನ್ನು ಬಿಡಿಸುವ ಧೈರ್ಯ ನನಗೆ ಬರಲಿಲ್ಲ. ಆಗಲಿ, ತೆಗೆದುಕೊಳ್ಳುವ ಎಂದೆ.

ಕಾಗದಪತ್ರವೆಲ್ಲ ಮುಗಿದು ಕಾರು ತರಲು ಹೋದದ್ದು ಮೂರು ವಾರದ ಮೇಲೆ. ಲೋಲಾಕ್ಷಮ್ಮ ಕುಂಕುಮವಿಟ್ಟರು. ವಾಸಣ್ಣ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಂತು, ಆಮೇಲೆ ಹೋಗಿ ಎಂದರು. ನಾನು ಅಭ್ಯಾಸದಂತೆ ಪಕ್ಕದ ಸೀಟಿನ ಬಾಗಿಲು ತೆರೆದೆ.

"ಮತ್ತೆ ನಮ್ಮ ಬಿಳಿ ಗಾಡಿ ಯಾರು ತರುದು?" ಎಂದಳು ವೇದಾ.

ಶಿಳಫಾಟಾದವರೆಗೆ ಅವಳ ಹಿಂದೆಯೇ ಇದ್ದೆ. ಆಮೇಲೆ ಆ ನೀಲಿ ಒಮ್ಮೆ ಎರಡು ಟ್ರಕ್ಕುಗಳ ನಡುವೆ ಮಿಂಚಿ ಕಾಣದಾಯಿತು. ನಾನು ಕಾಮೋಠೆ ತಲುಪುವಾಗ ಸೊಸೈಟಿಯ ಹೆಂಗಸರೆಲ್ಲ ಆರತಿ ಮುಗಿಸಿ, ಪೇಡ ತಿಂದು, ಮೇಲೆ ಹೋಗಿಯಾಗಿತ್ತು. ಸಂಜನಾ ಬಾಗಿಲು ತೆರೆದು, ಮಮ್ಮಿ ಸ್ನಾನ ಮಾಡಿ ಊಟವನ್ನೂ ಮುಗಿಸಿದಳು, ನೀವು ಕಲ್ಯಾಣದ ಮೂಲಕ ಸುತ್ತಿಕೊಂಡು ಬಂದಿರಾ ಎಂದು ಮರಾಠಿಯಲ್ಲಿ ವಿಚಾರಿಸಿದಳು.

ಈಗ ಒಂದು ತೊಡಕು ಉಳಿದಿತ್ತು. ಕೂಪೆ ಮನೆಗೆ ಬಂದ ಮೇಲೆ ವೇದಾಳಿಗೆ ಬಿಳಿ ಕಾರಿನಲ್ಲಿ ಮನಸ್ಸು ನಿಲ್ಲದಾಯಿತು. ಆದರೆ ಕೂಪೆಯ ಡಿಕ್ಕಿಯಲ್ಲಿ ಚಕ್ಕುಲಿಯ ಡಬ್ಬ ನಾಲ್ಕಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಗಿರಾಕಿಗಳನ್ನು ಬಿಡುವಂತಿಲ್ಲ. ಶನಿವಾರ ನನಗೆ ರಜೆ. ಒಂದು ಸಂಜೆ ಅವಳು ವಿಳಾಸಗಳ ಚೀಟಿಯನ್ನು ನನ್ನ ಮುಂದಿಟ್ಟು, ಹೇಗೂ ನಿಮಗೆ ಡ್ರೈವಿಂಗ್ ಅಂದ್ರೆ ಇಷ್ಟ ಅಲ್ವಾ ಎಂದಳು. ಅದರಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ನಾನು ಈಗಲೂ ಖಚಿತವಾಗಿ ಹೇಳಲಾರೆ. ಕೂಪೆಯನ್ನು ನಾನು ಯಾವಾಗ ಓಡಿಸಲಿ ಎಂದು ಕೇಳಿದ್ದಕ್ಕೆ, ಆರು ತಿಂಗಳು ಬಿಳಿಯದು ಓಡಿಸಿ, ಮತ್ತೆ ನೋಡುವ ಎಂದಳು. ವಾಸಣ್ಣನೂ ಫೋನಿನಲ್ಲಿ ಅದನ್ನೇ ಹೇಳಿದರು. ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ನನ್ನ ಗುಮಾನಿ.

ಕಳೆದ ಶನಿವಾರ ಖಾರ್ಘರಿನಲ್ಲಿ ಸುಗುಣಾ ಎಂಬ ಹುಬ್ಬಳ್ಳಿ ಕಡೆಯ ಹೆಂಗಸಿನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತು ಡಬ್ಬದ ಮುಚ್ಚಳ ತೆಗೆದು ನೋಡಿದರು. ಮೇಲಿನ ಸಾಲಿನ ಚಕ್ಕುಲಿಗಳು ಒಡೆದು ಅರ್ಧಚಂದ್ರಗಳಾಗಿದ್ದವು. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ವೇದಕ್ಕಾರು ಹೊಸಾ ಡ್ರೈವರ್ ಇಟ್ಕೊಂಡಾರೇನ್ರಿ?"

ಗಂಡ ಎಂದು ಹೇಳಲು ಬಾಯಿ ತೆರೆದೆ. ಹಾಗೆ ಹೇಳಿದರೆ ಚಕ್ಕುಲಿಯ ಹೊಣೆಯೂ ಮನೆತನದ ಮೇಲೆ ಬರುತ್ತದೆಂದು ಹೊಳೆಯಿತು. "ಹೌದು" ಎಂದೆ, "ಹೊಸಬ. ಕಲೀತಾ ಇದ್ದೇನೆ."

ಆಕೆಯ ಮುಖ ಮೆತ್ತಗಾಯಿತು. "ಇರ್ಲಿ ಬಿಡ್ರಿ, ಕಲೀತೀರಿ" ಎಂದು, ನನ್ನ ಜೊತೆ ಕೆಳಗಿಳಿದು ಬಂದು, ಬಿಳಿ ಕಾರಿನ ಹಿಂದೆ ನಿಂತುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಎತ್ತಿ ಬರ್ರಿ, ಬರ್ರಿ, ಇನ್ನೂ ಸ್ವಲ್ಪ ಬರ್ರಿ ಎಂದು ದಾರಿ ತೋರಿಸತೊಡಗಿದರು. ನಾನು ಆ ಹೆಂಗಸು ಹೇಳಿದಂತೆಯೇ ಮಾಡಿದೆ. ಎಲ್ಲಿಯೂ ತಾಗಲಿಲ್ಲ.